ಘಾಟಿ ರಸ್ತೆಯಂಥ ಇಸಿಜಿ

ಹಾರನಹಳ್ಳಿ ರಸ್ತೆಯ ಹೊನ್ನಯ್ಯನ ಎರಡೂ ಕಣ್ಣಿಗೆ ಪೊರೆ ಬಂದ ವರ್ಷ ಇಡೀ ಅರಸೀಕೆರೆ ತಾಲ್ಲೂಕಿಗೇ ಮಬ್ಬು ಕವಿದಿತ್ತು. ಅವನ ಲೆಕ್ಕದಲ್ಲಂತೂ ಹಾಗೇ. ಮೂವತ್ತೆರಡು ವರ್ಷ ಅರಸೀಕೆರೆ, ಹಳೇಬೀಡು, ಬೇಲೂರು ಅಂತ ಬಸ್ಸು ಓಡಿಸಿ ಒಂದು ಕೋಳಿಮರಿಯನ್ನೂ ತುಳಿಸದೆ ರಿಟೈರಾದವನು. ಅವನ ಹಾರನ್ನು ಕೇಳಿದರೆ ರಸ್ತೆಯ ಗುಂಡಿಗಳು ತಾವಾಗಿ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದವು. ಜಾವಗಲ್ ದಾಟಿದ ಮೇಲೆ ಚಿರತೆಯೊಂದು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ್ದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಬರಬರುತ್ತಾ ಆ ಚಿರತೆ ಟಿಕೆಟ್ಟನ್ನೂ ತಗೊಳ್ಳತೊಡಗಿತ್ತು. ಅಂಥ ಹೊನ್ನಯ್ಯ ಈಗ ಸಕ್ಕರೆ ಅಂತ ಸೋಪಿನ ಪುಡಿಯನ್ನು ಕಾಫಿಗೆ ಬೆರೆಸಿಕೊಂಡು, ಎರಡು ಗುಟುಕು ಕುಡಿದು, ಇವತ್ತು ನೊರೆ ಚೆನ್ನಾಗಿ ಬಂದಿದೆ ಅಂದುಬಿಟ್ಟ. ಹೆಂಡತಿ ಮರಿಯಮ್ಮ ಅವತ್ತೇ ಬೇಲೂರಿನ ಕಣ್ಣಿನ ಶಿಬಿರಕ್ಕೆ ಹೆಸರು ಬರೆಸಿದಳು.

ಶಿಬಿರದವರು ಆಪರೇಷನ್ನಿಗೆ ಮುಂಚೆ ಬಿ.ಪಿ., ಶುಗರ್ ಜೊತೆಗೆ ಇಸಿಜಿ ತೆಗೆಸಿಕೊಂಡು ಬನ್ನಿ ಅಂದಿದ್ದರು. ಹೊನ್ನಯ್ಯನಿಗೆ ಅಳುಕು ಹುಟ್ಟಿದ್ದು ಅಲ್ಲೇ. ಪಕ್ಕದ ಮನೆ ಗಂಗಾಧರಪ್ಪ ಹಿಂದಿನ ತಿಂಗಳು ಹೀಗೇ ಹೋಗಿ, ಇಸಿಜಿ ಸರಿಯಿಲ್ಲ, ಮೊದಲು ಹಾರ್ಟಿಗೆ ತೋರಿಸಿಕೊಳ್ಳಿ ಅನ್ನಿಸಿಕೊಂಡು ಪೊರೆಯ ಸಮೇತ ವಾಪಸ್ಸು ಬಂದಿದ್ದ. ಹೊನ್ನಯ್ಯನಿಗೂ ತಾರಸಿಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡ ಹಾಗಾಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ, ಒಂದೇ ಉಸಿರಿಗೆ ಬೇಲೂರು ಗೋಪುರ ಹತ್ತಿ ಇಳಿದೆ ಅಂತ ಮೊಮ್ಮಗಳಿಗೆ ಹೇಳಿದ್ದ ಮಾತಿನ ಗತಿ ಏನಾಗಬೇಕು?

ಅದೇ ವಾರ ಮಗ ತಿಮ್ಮೇಶನಿಗೂ ಇಸಿಜಿ ಬೇಕಾಯಿತು. ನಲವತ್ತೊಂದು ವಯಸ್ಸಿನ ತಿಮ್ಮೇಶ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುವವನು. ಮಿಕ್ಕವರು ನೂರು ಸುಲಿಯುವಷ್ಟರಲ್ಲಿ ಇವನು ಮುನ್ನೂರು ಸುಲಿದು, ಬೀಡಿ ಸೇದಿ, ಒಂದು ನಿದ್ದೆಯನ್ನೂ ತೆಗೆದಿರುತ್ತಿದ್ದ. ವರ್ಷಗಟ್ಟಲೆ ಓಡಾಡಿ ಕೊನೆಗೂ ಊರಾಚೆಯ ಖಾಸಗಿ ಸ್ಕೂಲಿನಲ್ಲಿ ಬಸ್ ಡ್ರೈವರ್ ಕೆಲಸ ಗಿಟ್ಟಿಸಿಕೊಂಡಿದ್ದ. ಸ್ಕೂಲಿನ ಮ್ಯಾನೇಜರ್ ಮೋಹನ್‌ಕುಮಾರ್ ಕಾಲೇಜಿಗೆ ಓಡಾಡಿದ್ದೆಲ್ಲ ಹೊನ್ನಯ್ಯನ ಬಸ್ಸಿನಲ್ಲೇ. ನಿಮ್ಮಪ್ಪ ಬಿಟ್ಟ ಬುರುಡೆಗಳನ್ನ ಪುಸ್ತಕ ಮಾಡಿದ್ರೆ ನಮ್ಮ ಲೈಬ್ರರಿ ಸಾಲದು ಅಂತ ನಕ್ಕು, ಫಿಟ್‌ನೆಸ್ ಸರ್ಟಿಫಿಕೇಟಿಗೆ ಇಸಿಜಿ ತಾ ಅಂದಿದ್ದ. ತಿಮ್ಮೇಶನ ಹೆಂಡತಿ ಹೇಮಾಶ್ರೀ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಎರಡು ಕೆಲಸ ಒಂದೇ ಸಲಕ್ಕೆ ಮುಗಿಯಲಿ ಅಂತ ಅಪ್ಪ ಮಗ ಇಬ್ಬರನ್ನೂ ಒಟ್ಟಿಗೆ ಲ್ಯಾಬಿಗೆ ಅಟ್ಟಿದಳು.

ಲ್ಯಾಬು ಅನ್ನುವುದು ಮೆಡಿಕಲ್ ಸ್ಟೋರಿನ ಹಿಂದಿನ ಒಂದು ಕೋಣೆ, ಮಿಷನ್ನು ಹೊನ್ನಯ್ಯನ ಮೊದಲ ಬಸ್ಸಿನಷ್ಟೇ ಹಳೆಯದು. ಅಲ್ಲಿದ್ದವನು ಎದೆಗೆ ತಣ್ಣನೆಯ ಬಟ್ಟಲುಗಳನ್ನು ಅಂಟಿಸಿ, ಗುಲಾಬಿ ಚೌಕಗಳ ಪಟ್ಟಿ ಹರಿದು, ಮಡಿಸಿ ಕವರಿಗೆ ಹಾಕಿದ. ಹೆಸರು ಬರೆದದ್ದು ಕವರಿನ ಮೇಲೆ ಮಾತ್ರ. ಒಳಗಿನ ಪಟ್ಟಿಯ ಮೇಲೆ ಒಂದಕ್ಷರ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತಾಗ ತಿಮ್ಮೇಶನಿಗೆ ಫೋನು ಬಂತು, ಅವನು ಆಚೆ ಹೋದ. ಹೊನ್ನಯ್ಯ ಎರಡೂ ಕವರಿನ ಪಟ್ಟಿ ತೆಗೆದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ. ಗೆರೆಗಳ ಅರ್ಥ ಅವನಿಗೆ ತಿಳಿಯದು, ಆದರೆ ರಸ್ತೆ ತಿಳಿಯುತ್ತಿತ್ತು. ಅವನ ಪಟ್ಟಿಯ ಗೆರೆ ಸೂಜಿಯ ಹಾಗೆ ಎದ್ದು, ಅಷ್ಟೇ ಬೇಗ ಬಿದ್ದು, ಆಮೇಲೆ ಸಪಾಟು. ಬಾಣಾವರದ ರಸ್ತೆ ಇದು, ಸತ್ತ ರಸ್ತೆ ಅಂದುಕೊಂಡ. ಮಗನದೇ ಬೇರೆ. ಒಂದೆರಡು ಸಾಲಿನಲ್ಲಿ ಮೇಲಕ್ಕೆದ್ದ ಗೆರೆ ಒಮ್ಮೆಲೇ ಬೀಳದೆ, ಬೆನ್ನು ಬಾಗಿಸಿಕೊಂಡು ಉದ್ದಕ್ಕೆ ಇಳಿಯುತ್ತಿತ್ತು. ಅರೇಹಳ್ಳಿ ಕಡೆಯ ಘಾಟಿಯಲ್ಲಿ ಕಸುಬು ಬಲ್ಲ ಡ್ರೈವರು ಗೇರು ಇಳಿಸಿಕೊಂಡು ತಿರುವು ಇಳಿಸಿದ ಹಾಗೆ. ಎದೆ ಅಂದರೆ ಇದು ಅನ್ನಿಸಿತು. ಕಾಯಿ ಸುಲಿಯುವ ಗಟ್ಟಿ ಆಳಿನ ಪೇಪರನ್ನು ಯಾವ ಡಾಕ್ಟರು ಬಿಚ್ಚಿ ನೋಡುತ್ತಾನೆ? ನೋಡುವುದು ಎಪ್ಪತ್ತೆರಡು ವರ್ಷದ ಮುದುಕನದನ್ನ. ತಿಮ್ಮೇಶ ಫೋನು ಮುಗಿಸಿ ಬರುವಷ್ಟರಲ್ಲಿ ಘಾಟಿ ರಸ್ತೆ ಹೊನ್ನಯ್ಯನ ಕವರಿಗೂ ಬಾಣಾವರದ ರಸ್ತೆ ತಿಮ್ಮೇಶನ ಕವರಿಗೂ ಸೇರಿದ್ದವು. ಟೀ ಇನ್ನೂ ಆರಿರಲಿಲ್ಲ.

ಸ್ಕೂಲಿನವರು ತಿಮ್ಮೇಶನ ಪೇಪರನ್ನು ಒಪ್ಪಿಕೊಂಡು ಸೋಮವಾರದಿಂದ ಬಾ ಅಂದರು. ಮನೆಯಲ್ಲಿ ಒಬ್ಬಟ್ಟಾಯಿತು. ಸ್ಟೇರಿಂಗು ನಮ್ಮ ವಂಶದ ಆಸ್ತಿ ಅಂತ ಹೊನ್ನಯ್ಯ ಬೀದಿಯ ಮೂವತ್ತು ಮನೆಗೂ ಸಾರಿ ಬಂದ.

ಎಂಟನೆಯ ದಿನ ಬೇಲೂರಿನ ಶಿಬಿರದ ಡಾಕ್ಟರು ಹೊನ್ನಯ್ಯನ ಕವರು ಬಿಚ್ಚಿದರು. ಪಟ್ಟಿಯನ್ನು ಇನ್ನೊಬ್ಬ ಡಾಕ್ಟರಿಗೂ ತೋರಿಸಿದರು. ಕಣ್ಣಿನ ಆಪರೇಷನ್ ಈಗ ಬೇಡ ಅಂತ ಒಂದು ಕಾಗದ ಬರೆದು ಅರಸೀಕೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಲಾವಣ್ಯ ಅವರನ್ನು ನಾಳೆಯೇ ಕಾಣಬೇಕು ಅಂದರು. ಹೇಮಾಶ್ರೀ ರಜಾ ಹಾಕಿ ಮಾವನ ಜೊತೆ ಹೊರಟಳು.

ಡಾಕ್ಟರ್ ಲಾವಣ್ಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಲೆ ಸುತ್ತಿ ಬಿದ್ದದ್ದುಂಟಾ, ರಾತ್ರಿ ಉಸಿರು ಸಿಕ್ಕಿಕೊಂಡದ್ದುಂಟಾ ಅಂತ ಕೇಳಿ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ನಿದ್ದೆಯಲ್ಲೇ ಹೋಗಿದ್ದಾರಾ ಅಂದರು. ಹೊನ್ನಯ್ಯ ಬಾಯಿ ತೆರೆಯುವ ಮುಂಚೆ ಹೇಮಾಶ್ರೀಯೇ ಹೇಳಿದಳು: ಇವರ ತಮ್ಮ ಚಿಕ್ಕಣ್ಣ, ಮೂವತ್ತೊಂಬತ್ತಕ್ಕೆ, ಎರಡು ದಿನದ ಜ್ವರ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ತಮ್ಮನ ಆ ಸಾವನ್ನೂ ಹೊನ್ನಯ್ಯ ಊರಿಗೆಲ್ಲ ಹೇಳಿ ಕೊಂಡಾಡಿದ್ದ. ಸಾವೇ ಕಾಲು ಒತ್ತಿ ಮಲಗಿಸಿತು ಅನ್ನುತ್ತಿದ್ದ.

"ಇಲ್ಲಿ ನೋಡಿ. ಈ ಗೆರೆ ಎದ್ದ ಮೇಲೆ ಫಕ್ಕನೆ ಕೆಳಗಿಳೀಬೇಕು. ಇದು ಇಳಿಜಾರಿನ ಹಾಗೆ ಎಳ್ಕೊಂಡು ಬರ್ತಾ ಇದೆ," ಅಂದರು ಡಾಕ್ಟರು. "ಇಂಥ ಎದೆ ನೋಡೋಕೆ ಗಟ್ಟಿಯಾಗೇ ಇರುತ್ತೆ. ಯಾವತ್ತೋ ಒಂದು ದಿನ ಬಡಿಯೋದು ಬಿಟ್ಟು ನಡುಗೋಕೆ ಶುರು ಮಾಡುತ್ತೆ. ನಡುಗಿದ್ರೆ ರಕ್ತ ತಲೆಗೆ ಹೋಗಲ್ಲ, ಆಗ ಇರೋದು ಕೆಲವೇ ನಿಮಿಷ."

"ನೋವು ಬತ್ತದಾ ಮೇಡಂ?" ಅಂದಳು ಹೇಮಾಶ್ರೀ.

"ಬಂದ್ರೆ ಒಳ್ಳೇದಿತ್ತಮ್ಮ. ಬರಲ್ಲ. ಈ ಗೆರೆ ಬಿಟ್ರೆ ಬೇರೆ ಮುನ್ಸೂಚನೆನೇ ಇರೋದಿಲ್ಲ. ಜ್ವರ ಬಂದಾಗ ಹೆಚ್ಚು ಅಪಾಯ. ಮೈ ಸ್ವಲ್ಪ ಬಿಸಿ ಅನ್ನಿಸಿದ್ರೂ ಮಾತ್ರೆ ನುಂಗಿಸಿ ನೇರ ಇಲ್ಲಿಗೆ ಕರ್ಕೊಂಡು ಬನ್ನಿ."

ಹೊನ್ನಯ್ಯನ ಕಿವಿಯಲ್ಲಿ ಹತ್ತು ಬಸ್ಸು ಒಟ್ಟಿಗೆ ಹಾರನ್ನು ಹೊಡೆದವು. ಇನ್ನೊಂದು ಇಸಿಜಿ ತೆಗೆಯೋಣ ಅಂತ ಡಾಕ್ಟರು ಅಂದಾಗ ಅವನಿಗೆ ಜೀವ ಬಂತು. ಮಿಷನ್ನೇ ನಿಜ ಹೇಳಿಬಿಟ್ಟರೆ ತನ್ನ ಬಾಯಿಗೆ ಕೆಲಸವಿಲ್ಲ ಅಂತ, ಯಾರಾದರೂ ಹೇಳುವ ಮೊದಲೇ ಅಂಗಿ ಬಿಚ್ಚಿ ಮಂಚ ಏರಿದ. ಹೊಸ ಪಟ್ಟಿ ಬಂತು. ಬಾಣಾವರದ ರಸ್ತೆ, ಒಂದು ಗುಂಡಿಯಿಲ್ಲ. ಹೊನ್ನಯ್ಯನ ಎದೆ ಕರ್ನಾಟಕದಲ್ಲೇ ನಂಬರ್ ಒನ್ ಎದೆ. ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳುತ್ತಿದ್ದದ್ದು ಬರೀ ಗ್ಯಾಸು.

"ಈಗ ಸರಿಯಾಗಿ ಕಾಣ್ತಿದೆ," ಅಂದರು ಡಾಕ್ಟರು. ಅವರ ಮುಖ ಸಡಿಲವಾಗಲಿಲ್ಲ. "ಇದರ ಗುಣವೇ ಹೀಗೆ. ಒಂದಿನ ಕಾಣುತ್ತೆ, ಒಂದಿನ ಅಡಗಿಕೊಳ್ಳುತ್ತೆ. ಒಂದು ಸಲ ಕಂಡಿದ್ದನ್ನ ನಾವು ಬಿಡೋ ಹಾಗಿಲ್ಲ. ಬೆಂಗಳೂರಿಗೆ ಬರೆದುಕೊಡ್ತೀನಿ. ರಕ್ತ ಸಂಬಂಧದಲ್ಲಿ ಬರೋದು ಇದು, ಮಗನನ್ನೂ ಕರ್ಕೊಂಡು ಬನ್ನಿ."

ಅಲ್ಲೇ ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು. ಪಕ್ಕದಲ್ಲಿ ಹೇಮಾಶ್ರೀ ನಿಂತಿದ್ದಳು, ಕೈಯಲ್ಲಿ ಗಂಡನ ಹೊಸ ಖಾಕಿ ಅಂಗಿಯ ಚೀಲ. ಬರುವ ದಾರಿಯಲ್ಲಿ ಟೈಲರ್ ಹತ್ತಿರ ಇಸ್ಕೊಂಡಿದ್ದಳು. ಹೊನ್ನಯ್ಯ ಆ ಚೀಲ ನೋಡಿ ಬಾಯಿ ಮುಚ್ಚಿಕೊಂಡ. ಮಗನನ್ನು ಇಲ್ಲಿಗೆ ಎಳೆದು ತಂದರಾಯಿತು, ಅವನ ಎದೆ ಅವನೇ ಹೇಳಿಕೊಳ್ಳುತ್ತದೆ ಅಂತ ಮನೆಗೆ ಬಂದ.

ಮಗ ಬಂದರೆ ತಾನೆ. ಅಪ್ಪ, ನಂದು ಮೊನ್ನೆ ತಾನೆ ತೆಗೆದರಲ್ಲ, ಸ್ಕೂಲಿನವರೇ ನೋಡಿ ಭೇಷ್ ಅಂದಿದ್ದಾರೆ ಅಂದ. ಮೊಮ್ಮಗಳು ಹರ್ಷಿತಾ ಬಿ.ಎಸ್ಸಿ. ಓದುವ ಹುಡುಗಿ, ಆ ಪೇಪರಿನ ಫೋಟೋ ಹಿಡಿದು ತಾನೇ ಆಸ್ಪತ್ರೆಗೆ ಹೋಗಿ ಬಂದಳು. ಚೆನ್ನಾಗಿದೆ, ಆದರೂ ಒಂದು ಸಲ ಬಂದು ಹೋಗಲಿ ಅಂತ ಡಾಕ್ಟರು ಅಂದಿದ್ದರಂತೆ. ತಿಮ್ಮೇಶನಿಗೆ ಕೇಳಿಸಿದ್ದು 'ಚೆನ್ನಾಗಿದೆ' ಅನ್ನುವಷ್ಟು ಮಾತ್ರ. ಸೇರಿ ಹದಿನೈದು ದಿನವಾಗಿಲ್ಲ, ರಜಾ ಯಾರು ಕೊಡುತ್ತಾರೆ ಅಂತ ಟಿಫನ್ ಡಬ್ಬಿ ಎತ್ತಿಕೊಂಡು ಹೊರಟ. ಹೀಗೆ ಹೊನ್ನಯ್ಯನ ಗಟ್ಟಿ ಎದೆ ಮಗನ ಹೆಸರಿನಲ್ಲಿ ಊರೆಲ್ಲ ಸಾಕ್ಷಿ ಹೇಳಿಕೊಂಡು ತಿರುಗುತ್ತಿತ್ತು.

ಇತ್ತ ಮನೆಯಲ್ಲಿ ಹೊನ್ನಯ್ಯನನ್ನು ಹಾಲಿನ ಪಾತ್ರೆಯಂತೆ ಕಾಯುವುದು ಶುರುವಾಯಿತು. ಡಾಕ್ಟರು ಉಪ್ಪಿನ ಸುದ್ದಿಯನ್ನೇ ಎತ್ತಿರಲಿಲ್ಲ, ಆದರೂ ಹೇಮಾಶ್ರೀ ತಾನಾಗಿ ಉಪ್ಪು ಬಿಡಿಸಿದಳು. ಮುದ್ದೆ ಸಪ್ಪೆ, ಹುರುಳಿಕಾಳಿನ ಸಾರು ಸಪ್ಪೆ, ಮಜ್ಜಿಗೆ ಸಪ್ಪೆ. ಇಂಥ ಸಾರನ್ನ ಎಮ್ಮೆನೂ ಮೂಸಲ್ಲ ಅಂತ ಮರಿಯಮ್ಮ ತಟ್ಟೆ ತಳ್ಳಿದರೆ, ಹೇಮಾಶ್ರೀ ಸೌಟು ಎತ್ತಿಕೊಂಡೇ ಉತ್ತರ ಕೊಟ್ಟಳು: ನಾನು ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕ್ತೀನಿ ಅತ್ತೆ, ಒಬ್ಬರೂ ಸತ್ತಿಲ್ಲ. ಅತ್ತೆ ಸೊಸೆ ಮೂರು ದಿನ ಮಾತು ಬಿಟ್ಟರು. ಬಿಟ್ಟ ಮಾತನ್ನೆಲ್ಲ ಹರ್ಷಿತಾ ಅಡಿಗೆಮನೆಗೂ ಹಜಾರಕ್ಕೂ ಹೊತ್ತು ಸಾಗಿಸಿದಳು. ಬಾವಿಯ ನೀರು ಸೇದಬೇಡಿ, ಬಗ್ಗಬೇಡಿ, ಜೋರಾಗಿ ಸೀನಬೇಡಿ. ದಿನಕ್ಕೆ ಮೂರು ಹೊತ್ತು ಹೊನ್ನಯ್ಯನ ನಾಲಿಗೆ ಕೆಳಗೆ ಜ್ವರದ ಕಡ್ಡಿ. ಗಂಗಾಧರಪ್ಪ ನೋಡಲು ಬಂದು, ನಂದಕ್ಕಿಂತ ದೊಡ್ಡ ಕಾಯಿಲೆನೇ ತಂದ್ಕೊಂಡ್ಯಲ್ಲೋ ಮಾರಾಯ ಅಂತ ಹೊಟ್ಟೆಕಿಚ್ಚಿನಿಂದಲೇ ಎದ್ದು ಹೋದ.

ಬೇರೆ ಹೊತ್ತಾಗಿದ್ದರೆ ಹೊನ್ನಯ್ಯ ಈ ರಾಜೋಪಚಾರವನ್ನು ಹಾಸನ ಜಿಲ್ಲೆಗೆಲ್ಲ ಕೇಳಿಸುವ ಹಾಗೆ ಅನುಭವಿಸುತ್ತಿದ್ದ. ಈಗ ಅವನ ಕಣ್ಣೆಲ್ಲ ಮಗನ ಮೇಲೆ. ಬೆಳಿಗ್ಗೆ ತಿಮ್ಮೇಶ ರೊಟ್ಟಿಗೆ ಕೂತರೆ, ಈ ಕಡ್ಡಿ ಕೆಟ್ಟಿದೆಯೋ ಏನೋ, ಒಂದು ಸಲ ನೀನು ಇಟ್ಕೊಂಡು ನೋಡ್ಲಾ ಅಂತ ಅವನ ಬಾಯಿಗೆ ತುರುಕುತ್ತಿದ್ದ. ದಿನವೂ ಅದೇ ನೆವ. ಕಡ್ಡಿ ಸರಿಯಾಗೇ ಐತೆ ಕಣಪ್ಪ, ಕೆಟ್ಟಿರೋದು ನಿನ್ನ ತಲೆ ಅಂತ ತಿಮ್ಮೇಶ ಬಾಯಲ್ಲಿ ಹುಚ್ಚೆಳ್ಳಿನ ಚಟ್ನಿ ಇಟ್ಟುಕೊಂಡೇ ಗೊಣಗುತ್ತಿದ್ದ.

ಭಾನುವಾರ ಮಧ್ಯಾಹ್ನ ತಿಮ್ಮೇಶ ಬಾಡಿನ ಊಟ ಮಾಡಿ ಹಜಾರದಲ್ಲಿ ಉರುಳಿಕೊಂಡ. ಹೊನ್ನಯ್ಯ ಪಕ್ಕದಲ್ಲಿ ಬೀಸಣಿಗೆ ಹಿಡಿದು ಕೂತ. ಮಗನ ಗೊರಕೆ ನಿಂತಾಗಲೆಲ್ಲ ಅವನ ಜೀವವೂ ನಿಲ್ಲುತ್ತಿತ್ತು. ಪೊರೆ ಕಣ್ಣಿಗೆ ಎದೆ ಏರಿಳಿಯುವುದು ಕಾಣದೆ, ಮೂಗಿನ ಹತ್ತಿರ ಬೆರಳು ಹಿಡಿದು, ಅದೂ ಸಾಲದೆ ಪಕ್ಕೆಗೆ ತಿವಿದು ಎಬ್ಬಿಸುತ್ತಿದ್ದ. ಒಂದು ಗಂಟೆಯಲ್ಲಿ ನಲವತ್ತು ಸಲ ತಿವಿದನಂತೆ, ತಿಮ್ಮೇಶ ಹೇಳುವ ಪ್ರಕಾರ. ಕೊನೆಗೆ ಅವನು ಎದ್ದು ಕೂತು ದಿಂಬು ಬೀಸಿ ಒಗೆದ.

"ಏನಪ್ಪಾ ಆಗಿದೆ ನಿನಗೆ? ಕಾಯಿಲೆ ಇರೋದು ನಿಂಗಾ ನಂಗಾ?"

ಹೊನ್ನಯ್ಯ ಮಾತು ತಿರುಗಿಸಿ, ಈ ಡ್ರೈವರ್ ಕೆಲಸ ಬೇಡ ಕಣ್ಲಾ, ಬಿಟ್ಟುಬಿಡು, ಮಂಡಿಯೇ ವಾಸಿ ಅಂದ. ಅಡಿಗೆಮನೆಯಿಂದ ಹೇಮಾಶ್ರೀ ಬಂದು ನಿಂತಳು. ಊರೆಲ್ಲ ವಂಶದ ಆಸ್ತಿ ಅಂತ ಸಾರಿದವರು ನೀವೇ ಅಲ್ವಾ ಮಾವ ಅಂತ ಕೇಳಿದಳು. ಹೊನ್ನಯ್ಯ ರಸ್ತೆ ಸರಿಯಿಲ್ಲ ಅಂದ, ಈಗಿನ ಬಸ್ಸು ಸರಿಯಿಲ್ಲ ಅಂದ, ಮಕ್ಕಳ ಗಲಾಟೆಗೆ ತಲೆ ಕೆಡುತ್ತದೆ ಅಂದ. ಮೂವತ್ತೆರಡು ವರ್ಷ ನೀನು ಓಡಿಸಲಿಲ್ವಾ ಅಂತ ತಿಮ್ಮೇಶ ಕೇಳಿದ್ದಕ್ಕೆ, ಬೀಸಣಿಗೆ ಹಿಡಿದುಕೊಂಡು ಜಗಲಿಗೆ ಎದ್ದು ಹೋದ. ಆ ದಿನದಿಂದ ತಿಮ್ಮೇಶ ಅಪ್ಪನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಜ್ವರದ ಕಡ್ಡಿ ಇಡಿಸುವ ನೆವವೂ ತಪ್ಪಿಹೋಯಿತು.

ಮುಂದಿನ ವಾರ ಊರಿಗೆಲ್ಲ ಕೆಮ್ಮು ಜ್ವರ ಹರಡಿತು. ಶುಕ್ರವಾರ ಸ್ಕೂಲಿನಿಂದ ಬೇಲೂರು ಹಳೇಬೀಡಿಗೆ ಮಕ್ಕಳ ಪ್ರವಾಸ, ಬಸ್ಸು ತಿಮ್ಮೇಶನದು. ಗುರುವಾರ ಸಂಜೆಯೇ ಅವನು ಮೈಕೈ ನೋವು ಅಂತ ಊಟ ಬಿಟ್ಟಿದ್ದ. ಹೇಮಾಶ್ರೀ ಕಷಾಯ ಕೊಟ್ಟಳು. ಹೊನ್ನಯ್ಯನಿಗೆ ಯಾರೂ ಹೇಳಲಿಲ್ಲ. ಎದೆ ಸರಿಯಿಲ್ಲದವರಿಗೆ ಯಾಕೆ ಗಾಬರಿ ಅಂತ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಹಜಾರದಲ್ಲಿ ತಿಮ್ಮೇಶ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಹರ್ಷಿತಾ ಚಿತ್ರಾನ್ನ ಕಟ್ಟುತ್ತಿದ್ದಳು. ಬಸ್ಸಿನ ಕೀ ಕಿಟಕಿಯ ಮೇಲಿತ್ತು. ಅಪ್ಪನನ್ನು ದಾಟಿಕೊಂಡು ಹೋಗುವಾಗ ತಿಮ್ಮೇಶನ ಮುಂಗೈ ಹೊನ್ನಯ್ಯನಿಗೆ ತಾಗಿತು. ರೊಟ್ಟಿ ಕಾವಲಿಯನ್ನು ಮುಟ್ಟಿದ ಹಾಗಾಯಿತು. ಹೊನ್ನಯ್ಯ ಎದ್ದು ಮಗನ ಹಣೆಗೆ, ಕುತ್ತಿಗೆಗೆ ಕೈಯಿಟ್ಟ. ತಿಮ್ಮೇಶ ಕೈ ತಳ್ಳಿದ. ಒಂದು ಮಾತ್ರೆ ನುಂಗಿದ್ದೀನಿ, ಬೇಲೂರು ತಲುಪೋ ಹೊತ್ತಿಗೆ ಇಳಿಯುತ್ತೆ ಅಂದ.

"ನೀನು ಹೋಗಕೂಡದು," ಅಂದ ಹೊನ್ನಯ್ಯ. "ಆ ಪೇಪರು ನಂದಲ್ಲ. ನಿಂದು."

ಯಾರಿಗೂ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ: ಪಟ್ಟಿಯನ್ನು ಬದಲಾಯಿಸಿದ್ದು, ಡಾಕ್ಟರು ಭಯಪಟ್ಟದ್ದು ತಿಮ್ಮೇಶನ ಎದೆಗೆ, ಸ್ಕೂಲಿನವರು ಮೆಚ್ಚಿದ್ದು ತನ್ನದನ್ನು. ಕೇಳಿ ಮುಗಿಸಿದ ತಿಮ್ಮೇಶ ನಕ್ಕ. ಜ್ವರದಲ್ಲೂ ನಗು ಬಂತು ಅವನಿಗೆ.

"ಅಪ್ಪ, ನೀನು ಹೇಳಿರೋ ಕಥೆಗಳಲ್ಲೆಲ್ಲ ಇದೇ ಸಪ್ಪೆ ಕಣೋ. ಆ ಚಿರತೆದೇ ವಾಸಿ."

ಹೇಮಾಶ್ರೀ ನಗಲಿಲ್ಲ. "ಮೂರು ವಾರದಿಂದ ನೋಡ್ತಾ ಇದ್ದೀನಿ. ಮಗ ಸ್ಟೇರಿಂಗ್ ಹಿಡಿದಿದ್ದು ನಿಮ್ಮ ಕಣ್ಣಿಗೆ ಚುಚ್ತಾ ಐತಾ ಮಾವ? ನಿಮ್ಮ ಕಾಯಿಲೇನ ಅವರ ತಲೆಗೆ ಕಟ್ಟೋ ಮಟ್ಟಕ್ಕೆ ಬಂದ್ರಾ?" ಅಂದಳು. ತಾತನಿಗೆ ಬೆಂಗಳೂರಿಗೆ ಹೋಗೋಕೆ ಭಯ, ಅದಕ್ಕೇ ಹೀಗೆಲ್ಲ ಅಂದಳು ಹರ್ಷಿತಾ. ತಿಮ್ಮೇಶ ಚಿತ್ರಾನ್ನದ ಡಬ್ಬಿ ತಗೊಂಡ.

ಜೀವನದುದ್ದಕ್ಕೂ ಹೊನ್ನಯ್ಯ ಇಲಿಯನ್ನು ಆನೆ ಮಾಡಿ ನಂಬಿಸಿದವನು. ಈಗ ಇಲಿಯನ್ನು ಇಲಿ ಅಂದರೆ ನಂಬುವವರಿಲ್ಲ. ಅವನು ಹೋಗಿ ಬಾಗಿಲಿಗೆ ಅಡ್ಡ ನಿಂತ. ಕೂಗಲಿಲ್ಲ.

"ಬಸ್‌ಸ್ಟ್ಯಾಂಡ್ ಟೀ ಅಂಗಡೀಲಿ. ನಿಂಗೆ ಫೋನ್ ಬಂತು, ಆಚೆಗೆ ಹೋದೆ. ಆಗ ಬದಲಾಯಿಸ್ದೆ. ಗಂಗಾಧರಪ್ಪನ ಥರ ನನ್ನೂ ವಾಪಸ್ ಕಳಿಸ್ತಾರೆ ಅಂತ ಭಯ ಇತ್ತು. ಅಷ್ಟೆ."

ಒಲೆಯ ಮುಂದೆ ಕೂತಿದ್ದ ಮರಿಯಮ್ಮ ಊದುಕೊಳವೆ ಕೆಳಗಿಟ್ಟಳು.  ಎದ್ದು ಬಂದು ಕಿಟಕಿಯ ಮೇಲಿದ್ದ ಬಸ್ಸಿನ ಕೀ ತಗೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅವ್ವ, ಕೊಡು ಇಲ್ಲಿ. ಹೊತ್ತಾಯ್ತು," ಅಂದ ತಿಮ್ಮೇಶ.

"ನಲವತ್ತೈದು ವರ್ಷ ಇವರ ಸುಳ್ಳಿನ ಜೊತೆ ಸಂಸಾರ ಮಾಡಿದ್ದೀನಿ," ಅಂದಳು ಮರಿಯಮ್ಮ. "ಸುಳ್ಳಾಗಿದ್ರೆ ಇಷ್ಟು ಚಿಕ್ಕದಾಗಿ ಇರ್ತಿರ್ಲಿಲ್ಲ. ಹರ್ಷಿತಾ, ಆಟೋ ಕರಿಯವ್ವ."

ತಿಮ್ಮೇಶ ತಾಯಿಯ ಮೇಲೆ ರೇಗಿದ. ನಲವತ್ತೆರಡು ಮಕ್ಕಳು ಗೇಟಿನಲ್ಲಿ ನಿಂತಿರುತ್ತವೆ, ಕೆಲಸ ಹೋಗುತ್ತೆ ಅಂದ. ಮರಿಯಮ್ಮ ಸೊಂಟದ ಮೇಲಿನ ಕೈ ತೆಗೆಯಲಿಲ್ಲ. ಹರ್ಷಿತಾ ದಾರಿಯಲ್ಲೇ ಸ್ಕೂಲಿಗೆ ಫೋನು ಮಾಡಿ, ಅಪ್ಪನಿಗೆ ಜ್ವರ, ಬೇರೆ ಡ್ರೈವರನ್ನ ನೋಡಿಕೊಳ್ಳಿ ಅಂದಳು. ಆಟೋದಲ್ಲಿ ಐದು ಜನ. ಆಸ್ಪತ್ರೆಯವರೆಗೂ ತಿಮ್ಮೇಶ ಅಪ್ಪನ ಕಡೆ ತಿರುಗಿ ನೋಡಲಿಲ್ಲ.

ಡಾಕ್ಟರ್ ಲಾವಣ್ಯ ಹೊನ್ನಯ್ಯನ ಮಾತನ್ನು ಪೂರ್ತಿ ಕೇಳುವ ಮೊದಲೇ ತಿಮ್ಮೇಶನನ್ನು ಮಂಚಕ್ಕೆ ಹತ್ತಿಸಿದರು. ಪಟ್ಟಿ ಹೊರಗೆ ಬಂತು. ಈ ಸಲ ಏರು ಇನ್ನೂ ಎತ್ತರವಿತ್ತು, ಇಳಿಜಾರು ಇನ್ನೂ ಉದ್ದವಿತ್ತು. ಡಾಕ್ಟರು ಹೊನ್ನಯ್ಯನ ಫೈಲಿನಿಂದ ಹಳೇ ಪಟ್ಟಿ ತೆಗೆದು ಇದರ ಪಕ್ಕದಲ್ಲಿಟ್ಟರು. ಬೈಯಲಿಲ್ಲ. ನರ್ಸಿಗೆ ಡ್ರಿಪ್ಪು, ಒದ್ದೆ ಬಟ್ಟೆ, ಶಾಕ್ ಕೊಡುವ ಮಿಷನ್ನು ಅಂತ ಒಂದೇ ಸಮನೆ ಹೇಳತೊಡಗಿದರು.

ಹೇಮಾಶ್ರೀ ಆ ಎರಡು ಪಟ್ಟಿಗಳನ್ನು ನೋಡಿದಳು. ಮಾವನ ಕಡೆ ತಿರುಗಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕುಕ್ಕರಿಸಿದಳು.

ಹತ್ತು ಗಂಟೆಯ ಸುಮಾರಿಗೆ ತಿಮ್ಮೇಶ ನರ್ಸಿನ ಜೊತೆ ಜಗಳವಾಡುತ್ತಿದ್ದ. ನಂಗೇನೂ ಆಗಿಲ್ಲ ಸಿಸ್ಟರ್, ಹನ್ನೊಂದಕ್ಕಾದ್ರೂ ಬಿಟ್ರೆ ಹಳೇಬೀಡಿನ ಹತ್ರ ಬಸ್ಸು ಸೇರ್ಕೊಳ್ತೀನಿ ಅನ್ನುತ್ತಿದ್ದ. 'ಸೇರ್ಕೊ' ಅನ್ನುವಲ್ಲಿಗೆ ಮಾತು ನಿಂತಿತು. ಕಣ್ಣು ಮೇಲಕ್ಕೆ ಹೋಯಿತು. ತಲೆಯ ಪಕ್ಕದ ಪರದೆಯಲ್ಲಿ ಗೆರೆ ಏರೂ ಇಲ್ಲದೆ ಇಳಿಜಾರೂ ಇಲ್ಲದೆ ಕಲಸಿಹೋಯಿತು. ನರ್ಸು ಅವನ ಎದೆಯ ಮೇಲೆ ಎರಡೂ ಕೈಯೂರಿ ಒತ್ತತೊಡಗಿದಳು. ಡಾಕ್ಟರು ಎಲ್ಲರಿಗೂ ದೂರ ಸರಿಯಿರಿ ಅಂದರು. ತಿಮ್ಮೇಶನ ಮೈ ಮಂಚದಿಂದ ಒಂದು ಸಲ ಎದ್ದು ಬಿತ್ತು.

ಆಮೇಲೆ ಪರದೆಯ ಮೇಲೆ ಒಂದು ಏರು ಬಂತು. ಇನ್ನೊಂದು ಬಂತು.

ಬಾಗಿಲ ಸಂದಿಯಿಂದ ಹೊನ್ನಯ್ಯ ನೋಡಿದ್ದು ಅಷ್ಟೇ. ಎಷ್ಟು ಹೊತ್ತು ಅಂತ ಆಮೇಲೆ ಕೇಳಿದ್ದಕ್ಕೆ ಡಾಕ್ಟರು ಮೂವತ್ತು ಸೆಕೆಂಡು ಅಂದರು. ಆ ಲೆಕ್ಕಕ್ಕೆ ಹೊನ್ನಯ್ಯ ಒಂದು ಸೆಕೆಂಡನ್ನೂ ಸೇರಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಿಮ್ಮೇಶ ಕಣ್ಣು ಬಿಟ್ಟು ನೀರು ಕೇಳಿದ. ಎದೆ ಮೇಲೆ ಯಾರೋ ಕಾಯಿ ಸುಲಿದ ಹಾಗಿದೆ ಅಂದ. ಜ್ವರ ಇಳಿದಿತ್ತು. ಡಾಕ್ಟರು ಬಂದು ಎಲ್ಲರ ಎದುರಿಗೇ ಹೇಳಿದರು: ಈಗಲೇ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ. ಅಲ್ಲಿ ಭುಜದ ಕೆಳಗೆ ಚರ್ಮದೊಳಗೆ ಒಂದು ಸಣ್ಣ ಮಿಷನ್ ಕೂರಿಸುತ್ತಾರೆ, ಎದೆ ಮತ್ತೆ ನಡುಗಿದರೆ ಅದೇ ಒಳಗಿನಿಂದ ಹೊಡೆದು ದಾರಿಗೆ ತರುತ್ತದೆ. ಹರ್ಷಿತಾಳದ್ದೂ ಇಸಿಜಿ ಆಗಬೇಕು. ಮತ್ತೆ ಬಸ್ಸು, ಲಾರಿ ಓಡಿಸುವ ಮಾತು ಬೇಡ. ಇದು ರಸ್ತೆಯಲ್ಲಿ ಆಗಿದ್ದಿದ್ದರೆ ಅಂತ ಶುರು ಮಾಡಿ, ಹೇಮಾಶ್ರೀಯ ಮುಖ ನೋಡಿ ನಿಲ್ಲಿಸಿದರು.

ಆಂಬುಲೆನ್ಸ್‌ಗೆ ಕಾಯುತ್ತಿದ್ದಾಗ ತಿಮ್ಮೇಶನ ಫೋನು ಬಡಿದುಕೊಂಡಿತು. ಅದು ಹೊನ್ನಯ್ಯನ ಜೇಬಿನಲ್ಲಿತ್ತು. ಮ್ಯಾನೇಜರ್ ಮೋಹನ್‌ಕುಮಾರ್. ಇವತ್ತು ಹೇಗೋ ಬೇರೆ ಡ್ರೈವರ್ ಸಿಕ್ಕಿದ, ಆಫೀಸಿನಲ್ಲಿದ್ದ ಇನ್ನೊಂದು ಕೀಯಿಂದ ಬಸ್ಸು ಹೊರಟಿತು, ಸೋಮವಾರ ತಿಮ್ಮೇಶ ಬರುತ್ತಾನೆ ತಾನೆ ಅಂತ ಕೇಳಿದ. ಹೊನ್ನಯ್ಯ ಒಂದು ಸಲ ಹೇಮಾಶ್ರೀಯನ್ನು ನೋಡಿದ. ಅವಳು ಖಾಕಿ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು. ಆಸ್ಪತ್ರೆಯವರು ಅದರ ಗುಂಡಿಗಳನ್ನು ಕತ್ತರಿಸಿದ್ದರು.

"ಬರಲ್ಲ ಸಾರ್. ಸೋಮವಾರವೂ ಬರಲ್ಲ, ಆಮೇಲೂ ಬರಲ್ಲ," ಅಂದ. "ನಿಮಗೆ ಕೊಟ್ಟಿದ್ದು ಅವನ ಇಸಿಜಿ ಅಲ್ಲ, ನಂದು. ನಾನೇ ಕವರಿನೊಳಗಿನ ಪಟ್ಟಿ ಬದಲಾಯಿಸಿದ್ದೆ. ಅವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಅವನ ಎದೆ ನಿಂತಿತ್ತು."

ಆ ಕಡೆಯಿಂದ ಮೋಹನ್‌ಕುಮಾರನ ನಗು ಮಂಚದವರೆಗೂ ಕೇಳಿಸಿತು. ಹೊನ್ನಯ್ಯೋರೆ, ಮಗನಿಗೆ ರಜಾ ಬೇಕಾದ್ರೆ ನೇರವಾಗಿ ಕೇಳಿ, ಎದೆ ನಿಲ್ಲೋದು, ಎದ್ದು ಕೂರೋದು ಎಲ್ಲ ನಿಮ್ಮ ಬಸ್ಸಿನಲ್ಲಿ ಎಷ್ಟು ಕೇಳಿಲ್ಲ ನಾನು ಅಂದ. ಹೊನ್ನಯ್ಯ ನಿಜ ಸಾರ್ ಅಂದ. ಇನ್ನೊಂದು ಸಲ ನಿಜ ಸಾರ್ ಅಂದ. 

ತಿಮ್ಮೇಶ ಡ್ರಿಪ್ಪು ಚುಚ್ಚಿದ ಕೈ ಚಾಚಿದ. ಹೊನ್ನಯ್ಯ ಫೋನು ಕೊಟ್ಟ.

"ನಾನು ತಿಮ್ಮೇಶ್ ಸಾರ್. ನಮ್ಮಪ್ಪ ಹೇಳಿದ್ದು ನಿಜ," ಅಂದ ಅವನು. ಉಸಿರು ತಗೊಂಡು, "ನಂದೇ ಎದೆ. ಕೆಲಸಕ್ಕೆ ಬೇರೆಯವರನ್ನ ನೋಡ್ಕೊಳ್ಳಿ," ಅಂದ.

ಫೋನು ಇಟ್ಟ ಮೇಲೆ ಅವನು ಅದನ್ನು ಅಪ್ಪನಿಗೆ ವಾಪಸ್ಸು ಕೊಡಲಿಲ್ಲ, ಹೆಂಡತಿಯ ಕೈಯಲ್ಲಿಟ್ಟ. ಆಂಬುಲೆನ್ಸ್ ಬಂತು. ಸ್ಟ್ರೆಚರ್ ಎತ್ತಲು ಒಂದು ಕೈ ಕಮ್ಮಿ ಬಿತ್ತು. ಹೊನ್ನಯ್ಯ ಮುಂದೆ ಬಂದು ಕಾಲಿನ ಕಡೆ ಹಿಡಿದ. ಬಗ್ಗಬೇಡಿ ಅಂತ ಯಾರೂ ಅವನಿಗೆ ಹೇಳಲಿಲ್ಲ.